ಬಂಗಾಳ ವಿಭಜನೆ: ಗೆಜೆಟ್ಟಿನಲ್ಲಿ ಒಂದು ಕಾರಣ, ಫೈಲಿನಲ್ಲಿ ಇನ್ನೊಂದು

1904ರ ಫೆಬ್ರವರಿ 18ರಂದು ವೈಸ್‌ರಾಯ್ ಕರ್ಜನ್ ಢಾಕಾದಲ್ಲಿ ಭಾಷಣ ಮಾಡಿದ. ಬಂಗಾಳವನ್ನು ಎರಡು ಮಾಡಿದರೆ ಪೂರ್ವ ಬಂಗಾಳದ ಮುಸಲ್ಮಾನರಿಗೆ ಹಳೆಯ ನವಾಬರು, ಸುಲ್ತಾನರ ಕಾಲದ ನಂತರ ಮತ್ತೆ ಕಾಣದ ಒಗ್ಗಟ್ಟು ಸಿಗುತ್ತದೆ ಎಂದ. ನಿಮ್ಮ ಒಳ್ಳೆಯದಕ್ಕೇ ಇದನ್ನು ಮಾಡುತ್ತಿದ್ದೇವೆ ಅನ್ನುವ ಧಾಟಿ ಅದು.

ಹಿಂದಿನ ದಿನ, ಅಂದರೆ 17ರಂದು, ಇದೇ ಕರ್ಜನ್ ಲಂಡನ್ನಿನಲ್ಲಿದ್ದ ಭಾರತ ಮಂತ್ರಿ (ಬ್ರಿಟಿಷ್ ಸಂಪುಟದಲ್ಲಿ ಭಾರತದ ಹೊಣೆ ಹೊತ್ತವನು) ಸೇಂಟ್ ಜಾನ್ ಬ್ರಾಡ್ರಿಕ್‌ಗೆ ಒಂದು ಖಾಸಗಿ ಪತ್ರ ಬರೆದಿದ್ದ. ಬಂಗಾಳಿಗಳು ತಮ್ಮನ್ನು ಒಂದು ರಾಷ್ಟ್ರ ಅಂದುಕೊಂಡಿದ್ದಾರೆ, ಇಂಗ್ಲಿಷರನ್ನು ಓಡಿಸಿ ಕಲ್ಕತ್ತೆಯ ಗವರ್ನಮೆಂಟ್ ಹೌಸಿನಲ್ಲಿ ಒಬ್ಬ ಬಂಗಾಳಿ ಬಾಬುವನ್ನು ಕೂರಿಸುವ ಕನಸು ಕಾಣುತ್ತಿದ್ದಾರೆ, ಆ ಕನಸಿಗೆ ಅಡ್ಡ ಬರುವ ಯಾವ ವಿಭಜನೆಯನ್ನೂ ಅವರು ಸಹಿಸುವುದಿಲ್ಲ, ಈಗ ಅವರ ಗಲಾಟೆಗೆ ನಾವು ಬಗ್ಗಿದರೆ ಬಂಗಾಳವನ್ನು ಇನ್ನೊಮ್ಮೆ ಒಡೆಯಲು ಆಗುವುದಿಲ್ಲ, ಭಾರತದ ಪೂರ್ವದ ಅಂಚಿನಲ್ಲಿ ಈಗಾಗಲೇ ಬಲವಾಗಿರುವ ಒಂದು ಶಕ್ತಿಯನ್ನು ನಾವೇ ಇನ್ನಷ್ಟು ಗಟ್ಟಿ ಮಾಡಿದಂತಾಗುತ್ತದೆ. ಇದು ಆ ಪತ್ರದ ಸಾರ.

ಒಂದು ದಿನದ ಅಂತರ, ಒಬ್ಬನೇ ಮನುಷ್ಯ, ಒಂದೇ ವಿಷಯ. ಮಾತು ಮಾತ್ರ ಪೂರ್ತಿ ಬೇರೆ. ಬ್ರಿಟಿಷ್ ಆಡಳಿತದ ಸರ್ಕಾರಿ ಕಾಗದಕ್ಕೂ ಖಾಸಗಿ ಪತ್ರಕ್ಕೂ ಎಷ್ಟು ದೂರ ಅಂತ ತಿಳಿಯಲು ನನಗೆ ಗೊತ್ತಿರುವಂತೆ ಇದಕ್ಕಿಂತ ಒಳ್ಳೆಯ ಪ್ರಕರಣ ಇಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಕಾಗದಗಳ ಕಥೆ. ಆ ಕಾಲದ ಭಾರತ ಸರ್ಕಾರದಲ್ಲಿ ಒಂದು ನಿರ್ಧಾರದ ಸುತ್ತ ಮೂರು ಥರದ ಬರವಣಿಗೆ ಹುಟ್ಟುತ್ತಿತ್ತು. ಒಂದು, ಅಧಿಕೃತ ಪತ್ರ. ಪ್ರಾಂತ್ಯ ಸರ್ಕಾರಕ್ಕೆ ಬರೆಯುವಾಗ ಕಾರ್ಯದರ್ಶಿ ತನ್ನ ಹೆಸರಿನಲ್ಲಿ ಸಹಿ ಹಾಕುತ್ತಿದ್ದ, ಆದರೆ ಶುರುವಿನಲ್ಲೇ ‘ನನಗೆ ಆದೇಶವಾಗಿದೆ’ ಎಂದು ಬರೆಯುತ್ತಿದ್ದ. ಲಂಡನ್ನಿಗೆ ಹೋಗುವ ಪತ್ರವಾದರೆ ವೈಸ್‌ರಾಯ್ ಜೊತೆ ಕೌನ್ಸಿಲಿನ ಸದಸ್ಯರೂ ಸಹಿ ಹಾಕಬೇಕು. ಪ್ಯಾರಾಗಳಿಗೆ ನಂಬರು ಇರುತ್ತಿತ್ತು. ಇಂದಲ್ಲ ನಾಳೆ ಪಾರ್ಲಿಮೆಂಟ್ ಕೇಳಬಹುದು, ಅಚ್ಚಾಗಬಹುದು ಅನ್ನುವ ಎಚ್ಚರ ಪ್ರತಿ ಸಾಲಿನಲ್ಲೂ ಇರುತ್ತಿತ್ತು. ಎರಡನೆಯದು ಫೈಲಿನ ಒಳಗಿನ ಟಿಪ್ಪಣಿ. ಇವತ್ತಿಗೂ ನಮ್ಮ ಸರ್ಕಾರಿ ಫೈಲುಗಳಲ್ಲಿ ಟಿಪ್ಪಣಿ ಹಾಳೆ ಒಂದು ಕಡೆ, ಪತ್ರವ್ಯವಹಾರ ಇನ್ನೊಂದು ಕಡೆ ಇರುತ್ತದಲ್ವಾ, ಅದೇ ಪದ್ಧತಿ. ಕೆಳಗಿನವನು ಬರೆದದ್ದಕ್ಕೆ ಮೇಲಿನವನು ಷರಾ ಹಾಕುತ್ತಾ ಫೈಲು ಮೇಲೇರುತ್ತಿತ್ತು. ಈ ಟಿಪ್ಪಣಿಗಳನ್ನು ಹೊರಗಿನವರು ನೋಡುವ ಹಾಗಿರಲಿಲ್ಲ. ಮೂರನೆಯದು ಖಾಸಗಿ ಪತ್ರ. ವೈಸ್‌ರಾಯ್ ಮತ್ತು ಭಾರತ ಮಂತ್ರಿ ವಾರವಾರದ ಠಪಾಲಿನಲ್ಲಿ ಒಬ್ಬರಿಗೊಬ್ಬರು ನೇರವಾಗಿ ಬರೆದುಕೊಳ್ಳುತ್ತಿದ್ದದ್ದು. ಇದಕ್ಕೆ ಕೌನ್ಸಿಲಿನ ಸಹಿ ಬೇಡ, ನಂಬರು ಬೇಡ. ವೈಸ್‌ರಾಯ್ ಊರಿಗೆ ಹೋಗುವಾಗ ಇವನ್ನು ತನ್ನ ಸ್ವಂತ ಆಸ್ತಿಯ ಹಾಗೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದ. ಕರ್ಜನ್ನನ ಕಾಗದಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಕರ್ಜನ್ ಮತ್ತು ಬ್ರಾಡ್ರಿಕ್ ಈಟನ್ ಶಾಲೆಯ ಕಾಲದಿಂದ ಗೆಳೆಯರು. ಅದಕ್ಕೇ ಆ ಪತ್ರಗಳಲ್ಲಿ ಮುಚ್ಚುಮರೆ ಕಡಿಮೆ. ಬ್ರಾಡ್ರಿಕ್‌ಗಿಂತ ಮೊದಲು ಆ ಹುದ್ದೆಯಲ್ಲಿದ್ದ ಜಾರ್ಜ್ ಹ್ಯಾಮಿಲ್ಟನ್‌ಗೂ ಕರ್ಜನ್ ಹೀಗೇ ಬರೆಯುತ್ತಿದ್ದ. ಕಾಂಗ್ರೆಸ್ ಬೀಳುವ ಸ್ಥಿತಿಯಲ್ಲಿದೆ, ನಾನು ಭಾರತದಲ್ಲಿರುವಾಗಲೇ ಅದು ನೆಮ್ಮದಿಯಾಗಿ ಸಾಯಲು ನೆರವಾಗಬೇಕು ಅನ್ನುವುದು ನನ್ನ ದೊಡ್ಡ ಆಸೆಗಳಲ್ಲಿ ಒಂದು ಎಂದು 1900ರ ನವೆಂಬರ್ 18ರಂದು ಬರೆದದ್ದು ಹ್ಯಾಮಿಲ್ಟನ್‌ಗೇ. ಅಧಿಕೃತ ಪತ್ರದಲ್ಲಿ ಇಂಥ ಸಾಲು ಬರೆಯಲು ಸಾಧ್ಯವೇ ಇರಲಿಲ್ಲ.

ಈಗ ಪ್ರಕರಣಕ್ಕೆ ಬರೋಣ. ಅಂದಿನ ಬಂಗಾಳ ಪ್ರಾಂತ್ಯ ಅಂದರೆ ಈಗಿನ ಪಶ್ಚಿಮ ಬಂಗಾಳ, ಬಾಂಗ್ಲಾದೇಶ, ಬಿಹಾರ, ಜಾರ್ಖಂಡ್, ಒಡಿಶಾದ ದೊಡ್ಡ ಭಾಗ ಎಲ್ಲ ಸೇರಿದ್ದು. 1,89,000 ಚದರ ಮೈಲಿ, 7.85 ಕೋಟಿ ಜನ. ಆಳುವವನು ಒಬ್ಬ ಲೆಫ್ಟಿನೆಂಟ್ ಗವರ್ನರ್, ಅವನಿಗೆ ಸಹಾಯಕ್ಕೆ ಕಾರ್ಯಕಾರಿ ಕೌನ್ಸಿಲ್ ಕೂಡ ಇಲ್ಲ. ಅದೇ ಮದ್ರಾಸಿನಲ್ಲಿ ಇದರ ಅರ್ಧದಷ್ಟು ಜನ, ಆದರೆ ಅಲ್ಲಿ ಗವರ್ನರ್ ಇದ್ದ, ಕೌನ್ಸಿಲೂ ಇತ್ತು. ಪೂರ್ವದ ಜಿಲ್ಲೆಗಳು ನದಿ, ಕೆರೆಕುಂಟೆಗಳ ನಾಡು, ಮಳೆಗಾಲದಲ್ಲಿ ಅಧಿಕಾರಿಗಳು ಓಡಾಡಬೇಕಾದರೆ ದೋಣಿಯೇ ಗತಿ, ಕಲ್ಕತ್ತೆಯಲ್ಲಿ ಕೂತವರಿಗೆ ಅತ್ತ ನೋಡಲು ಪುರುಸೊತ್ತಿರಲಿಲ್ಲ. ಇದೆಲ್ಲ ಸುಳ್ಳಲ್ಲ. ಆಡಳಿತದ ಹೊರೆ ನಿಜವಾಗಿಯೂ ಇತ್ತು. ಚಿತ್ತಗಾಂಗ್, ಢಾಕಾ, ಮೈಮನ್‌ಸಿಂಗ್ ಪ್ರದೇಶಗಳನ್ನು ಅಸ್ಸಾಮಿಗೆ ಸೇರಿಸುವ ಪ್ರಸ್ತಾಪವನ್ನು 1896ರಲ್ಲೇ ಅಸ್ಸಾಮಿನ ಚೀಫ್ ಕಮಿಷನರ್ ವಿಲಿಯಂ ವಾರ್ಡ್ ಮಾಡಿದ್ದ. ಅವನ ನಂತರ ಬಂದ ಹೆನ್ರಿ ಕಾಟನ್ ಅದನ್ನು ಒಪ್ಪಲಿಲ್ಲ, ಅಲ್ಲಿಗೆ ಅದು ಮೂಲೆಗೆ ಸೇರಿತು.

ವಿಷಯ ಮತ್ತೆ ಎದ್ದದ್ದು ಒಂದು ಫೈಲಿನಿಂದ, ಮತ್ತು ಆ ಫೈಲಿಗೂ ಬಂಗಾಳಿಗಳಿಗೂ ಸಂಬಂಧವೇ ಇಲ್ಲ. ಮಧ್ಯ ಪ್ರಾಂತ್ಯಕ್ಕೆ ಸೇರಿದ್ದ ಸಂಬಲ್ಪುರದ ಜನರ ಭಾಷೆ ಒಡಿಯಾ. ಕೋರ್ಟಿನ ಭಾಷೆ ಮಾತ್ರ ಹಿಂದಿ. ಇದನ್ನು ಸರಿಪಡಿಸಬೇಕು ಅಂತ ಅಲ್ಲಿನ ಚೀಫ್ ಕಮಿಷನರ್ ಆಂಡ್ರ್ಯೂ ಫ್ರೇಸರ್ ಬರೆದ. ಒಡಿಯಾ ಪ್ರದೇಶಗಳನ್ನು ಒಂದು ಮಾಡುವುದು, ಗಡಿ ಬದಲಿಸುವುದು ಎಲ್ಲ ಅದಕ್ಕೆ ತಗುಲಿಕೊಂಡಿತು. ಈ ಫೈಲು 14 ತಿಂಗಳು ಇಲಾಖೆಗಳೊಳಗೆ ಸುತ್ತಿತು. ಪ್ರಾಂತ್ಯಗಳ ಗಡಿ ಬದಲಿಸುವಷ್ಟು ದೊಡ್ಡ ವಿಷಯವನ್ನು ವೈಸ್‌ರಾಯ್ ಕಿವಿಗೆ ಹಾಕಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. 1902ರ ಮೇ 24ರಂದು ಕರ್ಜನ್ ಬರೆದ ಟಿಪ್ಪಣಿ ಆಡಳಿತದ ಇತಿಹಾಸದಲ್ಲೇ ಹೆಸರಾದದ್ದು. ಭೂಮಿ ತನ್ನ ಸುತ್ತ ತಾನು ತಿರುಗುವ ಹಾಗೆ ಫೈಲು ಸುತ್ತಿತು, ಗಂಭೀರವಾಗಿ, ನಿಧಾನವಾಗಿ, ಈಗ ತನ್ನ ಕಕ್ಷೆ ಮುಗಿಸಿದೆ, ಕೊನೆಯ ಹಂತಕ್ಕೆ ಮುದ್ರೆ ಒತ್ತಲು ನನ್ನನ್ನು ಕರೆದಿದ್ದಾರೆ ಎಂದು ಬರೆದ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನಿಂದ ಎದ್ದ ಗಡಿ ವಿಚಾರ ಒಡಿಯಾದಿಂದ ಬಂಗಾಳಕ್ಕೆ ಹೊರಳಿತು.

ಫ್ರೇಸರ್ 1903ರಲ್ಲಿ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆದ. ಅದಕ್ಕೆ ಮೊದಲೇ, ಮಾರ್ಚಿನ ಒಂದು ಟಿಪ್ಪಣಿಯಲ್ಲಿ, ಢಾಕಾ ಮತ್ತು ಮೈಮನ್‌ಸಿಂಗ್ ಸರ್ಕಾರಕ್ಕೆ ಹಗೆಯಾದ ಬಂಗಾಳಿ ಚಳವಳಿಯ ಗೂಡುಗಳು, ಅವನ್ನು ಬೇರೆ ಮಾಡಿದರೆ ರಾಜಕೀಯವಾಗಿಯೂ ಲಾಭ ಅನ್ನುವ ವಾದ ಮುಂದಿಟ್ಟಿದ್ದ. ಹಳೆಯ ಆಡಳಿತದ ಪ್ರಸ್ತಾಪಕ್ಕೆ ರಾಜಕೀಯ ಬೆರೆತದ್ದು ಇಲ್ಲಿ. ಕರ್ಜನ್‌ಗೆ ಅದು ಹಿಡಿಸಿತು.

1903ರ ಡಿಸೆಂಬರ್ 3ರಂದು ಗೃಹ ಇಲಾಖೆಯ ಕಾರ್ಯದರ್ಶಿ ಹರ್ಬರ್ಟ್ ರಿಸ್ಲೆ ಬಂಗಾಳ ಸರ್ಕಾರಕ್ಕೆ ಅಧಿಕೃತ ಪತ್ರ ಬರೆದ. ಕೆಲವೇ ದಿನಗಳಲ್ಲಿ ಅದು ಗೆಜೆಟ್ಟಿನಲ್ಲಿ ಅಚ್ಚಾಯಿತು. 1901ರ ಜನಗಣತಿ ನಡೆಸಿದವನು ಇದೇ ರಿಸ್ಲೆ, ಜಾತಿ ಬುಡಕಟ್ಟುಗಳ ಬಗ್ಗೆ ದಪ್ಪ ದಪ್ಪ ಸಂಪುಟ ಬರೆದವನು. ಪತ್ರದಲ್ಲಿ ಹೇಳಿದ್ದೇನು? ಲೆಫ್ಟಿನೆಂಟ್ ಗವರ್ನರ್ ಮೇಲಿನ ಹೊರೆ, ಪೂರ್ವ ಜಿಲ್ಲೆಗಳ ಕಡೆಗಣನೆ, ಅಸ್ಸಾಮಿಗೆ ಒಂದು ಬಂದರು ಬೇಕು, ತನ್ನದೇ ಅಧಿಕಾರಿ ವರ್ಗ ಬೇಕು. ಆದ್ದರಿಂದ ಚಿತ್ತಗಾಂಗ್ ವಿಭಾಗ, ಢಾಕಾ, ಮೈಮನ್‌ಸಿಂಗ್ ಜಿಲ್ಲೆಗಳು ಅಸ್ಸಾಮಿಗೆ ಹೋಗಲಿ. ಓದಿದರೆ ಒಪ್ಪಿಕೊಳ್ಳಬೇಕು ಅನ್ನಿಸುವ ಹಾಗಿದೆ ವಾದ. ಎರಡೇ ತಿಂಗಳಲ್ಲಿ ಪೂರ್ವ ಬಂಗಾಳದ ಉದ್ದಗಲಕ್ಕೂ ನೂರಾರು ವಿರೋಧ ಸಭೆಗಳಾದವು, ಮನವಿಗಳು ಹರಿದುಬಂದವು.

ಆ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ರಿಸ್ಲೆ ಫೈಲಿನ ಒಳಗೆ ಟಿಪ್ಪಣಿ ಬರೆದ. ತಾರೀಖು 1904ರ ಫೆಬ್ರವರಿ 7. ‘ಒಂದಾಗಿರುವ ಬಂಗಾಳ ಒಂದು ಶಕ್ತಿ. ಒಡೆದ ಬಂಗಾಳ ನಾನಾ ದಿಕ್ಕಿಗೆ ಎಳೆದಾಡುತ್ತದೆ. ಕಾಂಗ್ರೆಸ್ ನಾಯಕರಿಗೆ ಇದೇ ಭಯ. ಅವರ ಭಯ ಸಂಪೂರ್ಣ ಸರಿ, ಮತ್ತು ಈ ಯೋಜನೆಯ ದೊಡ್ಡ ಗುಣಗಳಲ್ಲಿ ಅದೂ ಒಂದು.’ ಇದು ನನ್ನ ಕನ್ನಡ, ಆದರೆ ಅರ್ಥ ಒಂದಿಷ್ಟೂ ಬದಲಿಸಿಲ್ಲ.

ಈ ಕೊನೆಯ ಭಾಗವನ್ನು ನಿಧಾನವಾಗಿ ಓದಬೇಕು. ಗೆಜೆಟ್ಟಿನಲ್ಲಿ ಸರ್ಕಾರ ಜನರಿಗೆ ಹೇಳುತ್ತಿದ್ದದ್ದು ನಿಮ್ಮ ಭಯಕ್ಕೆ ಆಧಾರವಿಲ್ಲ ಅಂತ. ಅದೇ ಸರ್ಕಾರದ ಅದೇ ಕಾರ್ಯದರ್ಶಿ ಫೈಲಿನಲ್ಲಿ ಬರೆದದ್ದು ಅವರ ಭಯ ಸರಿಯಾಗಿದೆ ಅಂತ. ಮನವಿ ಬರೆದು ಸಹಿ ಹಾಕಿದ ಶಾಲಾ ಮಾಸ್ತರರು, ವಕೀಲರು, ಜಮೀನ್ದಾರರು ಸುಮ್ನೆ ಗಲಾಟೆ ಮಾಡುತ್ತಿಲ್ಲ, ವಿಷಯವನ್ನು ಸರಿಯಾಗಿಯೇ ಹಿಡಿದಿದ್ದಾರೆ ಅಂತ ಅವನಿಗೆ ಗೊತ್ತಿತ್ತು. ಆದರೂ ಅವರಿಗೆ ಹೋದ ಉತ್ತರ ಚದರ ಮೈಲಿ, ಬಂದರು, ಹೊರೆಯದ್ದೇ. ನನಗೆ ಈ ಇಡೀ ಪ್ರಕರಣದಲ್ಲಿ ಕ್ಷಮಿಸಲು ಆಗದ್ದು ಇದು. ಒಡೆದು ಆಳುವ ಬುದ್ಧಿ ಸಾಮ್ರಾಜ್ಯಕ್ಕೆ ಹೊಸದಲ್ಲ ಬಿಡಿ. ಎದುರಿಗಿದ್ದವರ ಮಾತು ಸರಿ ಅಂತ ಒಳಗೆ ಒಪ್ಪಿಕೊಂಡು, ಹೊರಗೆ ಅವರನ್ನು ತಿಳಿವಳಿಕೆ ಇಲ್ಲದವರ ಹಾಗೆ ನಡೆಸಿಕೊಂಡದ್ದು ಬೇರೆಯೇ ಥರದ ಅನ್ಯಾಯ.

7ರಂದು ಟಿಪ್ಪಣಿ, 17ರಂದು ಖಾಸಗಿ ಪತ್ರ, 18ರಂದು ಭಾಷಣ. ಹನ್ನೆರಡು ದಿನದೊಳಗೆ ಒಂದೇ ಯೋಜನೆಗೆ ಮೂರು ಮುಖ.

ಆಮೇಲೆ ಒಂದು ವರ್ಷಕ್ಕೂ ಜಾಸ್ತಿ ಹೊರಗೆ ಮೌನ. 1904ರ ಏಪ್ರಿಲ್ ಕೊನೆಗೆ ಕರ್ಜನ್ ರಜೆ ಮೇಲೆ ಇಂಗ್ಲೆಂಡಿಗೆ ಹೋದ. ಮದ್ರಾಸಿನ ಗವರ್ನರ್ ಆಂಪ್ಟ್‌ಹಿಲ್ ಡಿಸೆಂಬರ್‌ವರೆಗೆ ಹಂಗಾಮಿ ವೈಸ್‌ರಾಯ್. ಯೋಜನೆ ಬಿದ್ದುಹೋಯಿತು ಅಂತ ಬಂಗಾಳದಲ್ಲಿ ಬಹಳ ಜನ ಅಂದುಕೊಂಡರು. ಒಳಗೆ ಫೈಲು ಬೆಳೆಯುತ್ತಲೇ ಇತ್ತು. ಮೊದಲು ಕೆಲವು ಜಿಲ್ಲೆಗಳ ಮಾತಿತ್ತು, ಈಗ ರಾಜಶಾಹಿ ವಿಭಾಗ, ಮಾಲ್ಡಾ, ಫರೀದ್‌ಪುರ, ಬಾಕರ್‌ಗಂಜ್ ಎಲ್ಲ ಸೇರಿ ಹೊಸದೊಂದು ಪ್ರಾಂತ್ಯವೇ ಆಯಿತು. ಈ ದೊಡ್ಡ ಯೋಜನೆಯನ್ನು ಜನರ ಮುಂದೆ ಇಡಲೇ ಇಲ್ಲ. ನಮ್ಮ ಆಳ್ವಿಕೆಯ ವಿರೋಧಿಗಳ ಗಟ್ಟಿ ಗುಂಪನ್ನು ಒಡೆದು ದುರ್ಬಲಗೊಳಿಸುವುದು ನಮ್ಮ ಮುಖ್ಯ ಉದ್ದೇಶಗಳಲ್ಲಿ ಒಂದು ಎಂದು ರಿಸ್ಲೆ ಡಿಸೆಂಬರ್ 6ರಂದು ಇನ್ನೊಂದು ಟಿಪ್ಪಣಿ ಬರೆದ.

1905ರ ಫೆಬ್ರವರಿ 2ರಂದು ಭಾರತ ಸರ್ಕಾರದ ಅಧಿಕೃತ ಪತ್ರ ಲಂಡನ್ನಿಗೆ ಹೋಯಿತು, ಕೌನ್ಸಿಲಿನ ಸಹಿಗಳೊಂದಿಗೆ, ನಂಬರು ಹಾಕಿದ ಪ್ಯಾರಾಗಳೊಂದಿಗೆ. ಅದೇ ದಿನಾಂಕದ ಖಾಸಗಿ ಪತ್ರದಲ್ಲಿ ಕರ್ಜನ್ ಬ್ರಾಡ್ರಿಕ್‌ಗೆ ಬಿಡಿಸಿ ಹೇಳಿದ: ಬಂಗಾಳದಲ್ಲಷ್ಟೇ ಅಲ್ಲ, ಇಡೀ ಭಾರತದಲ್ಲಿ ಕಾಂಗ್ರೆಸ್ಸನ್ನು ಆಡಿಸುವ ಕೇಂದ್ರ ಕಲ್ಕತ್ತೆ. ಸೂತ್ರಧಾರರು, ಭಾಷಣಕಾರರು ಎಲ್ಲ ಅಲ್ಲೇ ಇದ್ದಾರೆ. ಬಂಗಾಳಿ ಮಾತಾಡುವ ಜನರನ್ನು ಬೇರೆ ಮಾಡುವ, ಬೇರೆ ಕೇಂದ್ರಗಳು ಬೆಳೆಯಲು ಬಿಡುವ, ಕಲ್ಕತ್ತೆಯನ್ನು ಆ ಪೀಠದಿಂದ ಇಳಿಸುವ ಯಾವ ಕ್ರಮವನ್ನಾದರೂ ಅವರು ಉರಿದು ವಿರೋಧಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಖಾಸಗಿ ಪತ್ರ ಸಿಕ್ಕಿತು ಅಂದ ತಕ್ಷಣ ಅದೇ ಪೂರ್ತಿ ಸತ್ಯ, ಅಧಿಕೃತ ಪತ್ರ ಪೂರ್ತಿ ಸುಳ್ಳು ಅಂತ ತೀರ್ಮಾನಿಸುವುದು ಸುಲಭ. ಆದರೆ ಖಾಸಗಿ ಪತ್ರವನ್ನೂ ಒಬ್ಬರ ಕೈಯಿಂದ ಒಂದು ಕೆಲಸ ಆಗಲಿ ಅಂತಲೇ ಬರೆಯುತ್ತಾರೆ. ಕರ್ಜನ್‌ಗೆ ಲಂಡನ್ನಿನ ಒಪ್ಪಿಗೆ ಬೇಕಿತ್ತು. ಬ್ರಾಡ್ರಿಕ್‌ಗೆ ಈ ವಿಭಜನೆಯಲ್ಲಿ ದೊಡ್ಡ ಉತ್ಸಾಹ ಇರಲಿಲ್ಲ, ಮೇಲಾಗಿ ಆ ಹೊತ್ತಿಗೆ ಸೇನಾಪತಿ ಕಿಚನರ್ ವಿಷಯದಲ್ಲಿ ಇಬ್ಬರು ಗೆಳೆಯರ ನಡುವೆ ಹುಳಿ ಬಿದ್ದಿತ್ತು. ಲಂಡನ್ನಿನ ಮಂತ್ರಿಗೆ ಮೈಮನ್‌ಸಿಂಗಿನ ದೋಣಿ ಪ್ರಯಾಣದ ಕಷ್ಟ ಹೇಳಿದರೆ ಏನೂ ಅನ್ನಿಸುವುದಿಲ್ಲ, ಸಾಮ್ರಾಜ್ಯಕ್ಕೆ ಅಪಾಯ ಇದೆ ಅಂದರೆ ಕಿವಿ ನೆಟ್ಟಗಾಗುತ್ತದೆ. ಹಾಗಾಗಿ ಅಲ್ಲಿ ರಾಜಕೀಯವನ್ನು ಒಂದು ಪಟ್ಟು ಜಾಸ್ತಿಯೇ ಹೇಳಿರಬಹುದು. ನಾನು ಹೆಚ್ಚು ತೂಕ ಕೊಡುವುದು ಟಿಪ್ಪಣಿಗಳಿಗೆ. ರಿಸ್ಲೆಗೆ ಆ ಫೈಲಿನಲ್ಲಿ ಯಾರನ್ನೂ ಮೆಚ್ಚಿಸುವ, ಹೆದರಿಸುವ ಅಗತ್ಯ ಅಷ್ಟಾಗಿ ಇರಲಿಲ್ಲ. ಅವನ ಮೇಲಿನವರೆಲ್ಲ ಆಗಲೇ ಒಪ್ಪಿದ್ದರು. ಅವನು ಕೆಲಸದ ಮಾತಾಗಿ ಬರೆದ, ಬಂದರು, ಹೊರೆಗಳ ಜೊತೆಗೇ ಇದನ್ನೂ ಒಂದು ಲಾಭ ಅಂತ ಲೆಕ್ಕಕ್ಕೆ ಹಿಡಿದ. ಟಿಪ್ಪಣಿ ಮತ್ತು ಖಾಸಗಿ ಪತ್ರ ಬೇರೆ ಬೇರೆ ಕೈಯಿಂದ ಬಂದೂ ಒಂದೇ ಮಾತು ಹೇಳುತ್ತವಲ್ಲ, ಅದಕ್ಕೇ ರಾಜಕೀಯ ಉದ್ದೇಶ ಇತ್ತು ಅಂತ ಧೈರ್ಯವಾಗಿ ಹೇಳಬಹುದು.

ಖಾಸಗಿ ಪತ್ರಗಳನ್ನು ಬಿಟ್ಟೂ ಇದನ್ನು ತೋರಿಸಲು ಸಾಧ್ಯವಿದೆ, ಅದೂ ಸರ್ಕಾರ ತಾನೇ ಅಚ್ಚು ಹಾಕಿದ ಯೋಜನೆಯಿಂದ. 1905ರ ಅಕ್ಟೋಬರ್ 16ರಂದು ವಿಭಜನೆ ಜಾರಿಗೆ ಬಂದಾಗ ಸಂಬಲ್ಪುರವನ್ನು ಮಧ್ಯ ಪ್ರಾಂತ್ಯದಿಂದ ತೆಗೆದು ಬಂಗಾಳಕ್ಕೆ, ಅಂದರೆ ಒಡಿಶಾದ ಜೊತೆಗೆ, ಸೇರಿಸಿದರು. ಕಾರಣ ಭಾಷೆ. ಒಡಿಯಾ ಜನ ಒಂದು ಆಡಳಿತದಡಿ ಇರಲಿ ಅಂತ. ಅದೇ ದಿನ, ಅದೇ ಆದೇಶದಲ್ಲಿ, ಬಂಗಾಳಿ ಮಾತಾಡುವವರನ್ನು ಎರಡು ಪ್ರಾಂತ್ಯಕ್ಕೆ ಹಂಚಿದರು. ಕಲ್ಕತ್ತೆಯ ಬಂಗಾಳಿಗಳು ಬಿಹಾರಿ, ಒಡಿಯಾ ಜನರ ನಡುವೆ ತಮ್ಮದೇ ಪ್ರಾಂತ್ಯದಲ್ಲಿ ಅಲ್ಪಸಂಖ್ಯಾತರಾದರು. ಭಾಷೆ ಒಂದು ಕಡೆ ಸೇರಿಸಲು ಕಾರಣವಾಯಿತು, ಇನ್ನೊಂದು ಕಡೆ ಲೆಕ್ಕಕ್ಕೇ ಬರಲಿಲ್ಲ. ಆ ಕಾಲಕ್ಕೆ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಅಂತ ಹಂಚಿಹೋಗಿದ್ದ ಕನ್ನಡ ನಾಡಿನವರಾದ ನಮಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಧಾರವಾಡದವರು ಮುಂಬಯಿಗೆ, ಬಳ್ಳಾರಿ ಮಂಗಳೂರಿನವರು ಮದ್ರಾಸಿಗೆ ಅರ್ಜಿ ಹಿಡಿದು ಹೋಗುತ್ತಿದ್ದ ಕಾಲ ಅದು. ನಮ್ಮನ್ನು ಹೀಗೆ ಹಂಚಿದ್ದು ಒಂದೊಂದು ಯುದ್ಧದಲ್ಲಿ ಗೆದ್ದ ನೆಲ ಒಂದೊಂದು ಕಡೆ ಸೇರಿಕೊಂಡಿದ್ದರಿಂದ. ಬಂಗಾಳವನ್ನು ಹಂಚಿದ್ದು ಕೂತು, ಯೋಚಿಸಿ, ಫೈಲು ಮಾಡಿ.

ಅಂಕಿಗಳೂ ಹೊಸ ಪ್ರಾಂತ್ಯದ ಗುಣ ಹೇಳುತ್ತವೆ. ಪೂರ್ವ ಬಂಗಾಳ ಮತ್ತು ಅಸ್ಸಾಂ: 3.1 ಕೋಟಿ ಜನ, ಅದರಲ್ಲಿ 1.8 ಕೋಟಿ ಮುಸಲ್ಮಾನರು, 1.2 ಕೋಟಿ ಹಿಂದೂಗಳು. ಉಳಿದ ಬಂಗಾಳ: 5.4 ಕೋಟಿ ಜನ, ಅದರಲ್ಲಿ 4.2 ಕೋಟಿ ಹಿಂದೂಗಳು. ಢಾಕಾ ಹೊಸ ರಾಜಧಾನಿ, ಬ್ಯಾಂಫೀಲ್ಡ್ ಫುಲ್ಲರ್ ಅದರ ಲೆಫ್ಟಿನೆಂಟ್ ಗವರ್ನರ್. ಪೂರ್ವದ ಎಷ್ಟೋ ಮುಸಲ್ಮಾನ ಕುಟುಂಬಗಳಿಗೆ ಹೊಸ ಪ್ರಾಂತ್ಯದಿಂದ ಶಾಲೆ, ನೌಕರಿ, ಹತ್ತಿರದ ಕಚೇರಿ ಅನ್ನುವ ಆಸೆ ನಿಜವಾಗಿಯೂ ಹುಟ್ಟಿತು. ಆ ಆಸೆಯನ್ನು ಯಾರೂ ಹಗುರ ಮಾಡಬಾರದು. ಕಲ್ಕತ್ತೆಯ ಭದ್ರಲೋಕಕ್ಕೆ, ಅಂದರೆ ಓದಿದ ಮೇಲ್ವರ್ಗದ ಬಂಗಾಳಿಗಳಿಗೆ, ಅವರ ಕಷ್ಟ ಅಷ್ಟಾಗಿ ಗೊತ್ತಿರಲಿಲ್ಲ.

ಭಾರತ ಮಂತ್ರಿಯ ಒಪ್ಪಿಗೆ ಬಂದದ್ದು 1905ರ ಜೂನ್ 9ರ ಪತ್ರದಲ್ಲಿ. ಜುಲೈ 20ಕ್ಕೆ ಸಿಮ್ಲಾದಿಂದ ಘೋಷಣೆ. ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ಬಹಿಷ್ಕಾರದ ನಿರ್ಣಯ, ಅಲ್ಲಿಂದ ಸ್ವದೇಶಿ ಚಳವಳಿ. ಅಕ್ಟೋಬರ್ 16ರಂದು ರವೀಂದ್ರನಾಥ ಠಾಕೂರರ ಕರೆಯಂತೆ ಜನ ಒಬ್ಬರಿಗೊಬ್ಬರು ರಾಖಿ ಕಟ್ಟಿದರು, ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಇದೆಲ್ಲ ನಾವು ಶಾಲೆಯಲ್ಲಿ ಓದಿದ್ದೇ. ಅಷ್ಟರಲ್ಲಿ ಕರ್ಜನ್, ಸೈನ್ಯದ ಹತೋಟಿ ಯಾರದು ಅನ್ನುವ ಬಗ್ಗೆ ಕಿಚನರ್ ಜೊತೆ ನಡೆದ ಜಗಳದಲ್ಲಿ, ರಾಜೀನಾಮೆ ಕೊಟ್ಟಾಗಿತ್ತು.

ಪಾರ್ಲಿಮೆಂಟಿನ ಮುಂದೆ ಕಾಗದಗಳನ್ನು ಇಟ್ಟರು, ಪುಸ್ತಕವಾಗಿ ಅಚ್ಚು ಹಾಕಿದರು. ಯಾವ ಕಾಗದಗಳು? ರಿಸ್ಲೆಯ 1903ರ ಪತ್ರ, ಪ್ರಾಂತ್ಯಗಳ ಉತ್ತರ, 1905ರ ಅಧಿಕೃತ ಪತ್ರ, ಲಂಡನ್ನಿನ ಮರುಪತ್ರ. ಟಿಪ್ಪಣಿಗಳಿಲ್ಲ, ಖಾಸಗಿ ಪತ್ರಗಳಿಲ್ಲ. ಹೌಸ್ ಆಫ್ ಕಾಮನ್ಸ್‌ನಲ್ಲಿ ಬಂಗಾಳದ ಪರ ಮಾತಾಡಿದವರಿಗೆ ಸಿಕ್ಕ ದಾಖಲೆ ಅಷ್ಟೇ. ಸರ್ಕಾರದ ಉದ್ದೇಶ ರಾಜಕೀಯದ್ದು ಅಂದರೆ, ದಾಖಲೆಯಲ್ಲಿ ಎಲ್ಲಿದೆ ತೋರಿಸಿ ಅನ್ನಬಹುದಿತ್ತು. ಆ ಫೈಲುಗಳು ದಶಕಗಳ ನಂತರ ಇತಿಹಾಸಕಾರರ ಕೈಗೆ ಸಿಕ್ಕಾಗ, 1904ರಲ್ಲಿ ಮನವಿ ಬರೆದವರು ಒಬ್ಬರೂ ಬದುಕಿರಲಿಲ್ಲ ಅಂದರೂ ನಡೆಯುತ್ತದೆ.

ಆಡಳಿತದ ಹೊರೆಯೇ ಕಾರಣವಾಗಿದ್ದರೆ ಬೇರೆ ದಾರಿ ಆಗಲೇ ಕಣ್ಣ ಮುಂದಿತ್ತು. ಮದ್ರಾಸು, ಮುಂಬಯಿಗೆ ಇರುವ ಹಾಗೆ ಬಂಗಾಳಕ್ಕೂ ಗವರ್ನರ್ ಮತ್ತು ಕೌನ್ಸಿಲ್ ಕೊಡಿ, ಬಿಹಾರ ಒಡಿಶಾಗಳನ್ನು ಬೇರೆ ಮಾಡಿ ಅಂತ ವಿರೋಧಿಗಳು ಕೇಳುತ್ತಲೇ ಇದ್ದರು. ಕರ್ಜನ್ ಒಪ್ಪಲಿಲ್ಲ, ಹಾಗೆ ಮಾಡಿದರೆ ಬಂಗಾಳಿಗಳು ಇನ್ನಷ್ಟು ಒಂದಾಗುತ್ತಾರಲ್ಲ. ಆದರೆ 1911ರಲ್ಲಿ ಬ್ರಿಟಿಷರು ಮಾಡಿದ್ದು ಇದನ್ನೇ. ಆ ವರ್ಷದ ಜೂನ್‌ನಲ್ಲಿ ಕೌನ್ಸಿಲಿನಲ್ಲಿ ಗೃಹ ಇಲಾಖೆ ನೋಡುತ್ತಿದ್ದ ಸದಸ್ಯ ಜಾನ್ ಜೆಂಕಿನ್ಸ್ ವೈಸ್‌ರಾಯ್ ಹಾರ್ಡಿಂಜ್‌ಗೆ ಟಿಪ್ಪಣಿ ಕೊಟ್ಟ: ವಿಭಜನೆ ರದ್ದು ಮಾಡೋಣ, ರಾಜಧಾನಿಯನ್ನು ದೆಹಲಿಗೆ ಒಯ್ಯೋಣ. ಆಗಸ್ಟ್ 25ರಂದು ಅಧಿಕೃತ ಪತ್ರ ಲಂಡನ್ನಿಗೆ ಹೋಯಿತು. ನವೆಂಬರ್ 1ಕ್ಕೆ ಭಾರತ ಮಂತ್ರಿ ಕ್ರೂ ಒಪ್ಪಿಗೆ ಬರೆದ. ಡಿಸೆಂಬರ್ 12ರ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ಬಾಯಿಂದ ಬರುವವರೆಗೆ ಬೆರಳೆಣಿಕೆಯ ಜನ ಬಿಟ್ಟು ಯಾರಿಗೂ ಸುಳಿವಿರಲಿಲ್ಲ. ಢಾಕಾದ ಮುಸಲ್ಮಾನರನ್ನು, ಹೊಸ ಪ್ರಾಂತ್ಯ ನಂಬಿಕೊಂಡವರನ್ನು, ಈ ಸಲವೂ ಯಾರೂ ಕೇಳಲಿಲ್ಲ. ಒಡೆಯುವಾಗ ಬಂಗಾಳಿ ಹಿಂದೂಗಳನ್ನು ಹೇಗೆ ಕತ್ತಲಲ್ಲಿ ಇಟ್ಟರೋ, ಕೂಡಿಸುವಾಗ ಇವರನ್ನೂ ಹಾಗೇ ಇಟ್ಟರು.

ಹಾರ್ಡಿಂಜ್‌ನ ಆಗಸ್ಟ್ ಪತ್ರವನ್ನು ದರ್ಬಾರಿನ ದಿನವೇ ಪ್ರಕಟಿಸಿದರು, ಅಚ್ಚಾಗುತ್ತದೆ ಅಂತ ಗೊತ್ತಿದ್ದೇ ಬರೆದ ಪತ್ರ ಅದು. ಅದರ ಮೂರನೇ ಪ್ಯಾರಾದಲ್ಲಿ ಪ್ರಾಂತ್ಯಗಳಿಗೆ ಹಂತಹಂತವಾಗಿ ಹೆಚ್ಚು ಸ್ವಯಮಾಡಳಿತ ಕೊಡುವ ಮಾತಿತ್ತು, ರಾಜಧಾನಿ ಬದಲಿಸುವುದಕ್ಕೆ ಸಮರ್ಥನೆಯಾಗಿ. ನಮ್ಮ ರಾಜಕಾರಣಿಗಳು ಅದನ್ನು ಬಿಗಿಯಾಗಿ ಹಿಡಿದುಕೊಂಡರು: ಸರ್ಕಾರವೇ ಬರೆದು ಸಹಿ ಹಾಕಿದೆ, ನಡೆಸಿಕೊಡಿ. ಉಪಮಂತ್ರಿ ಮಾಂಟೆಗ್ಯು 1912ರ ಫೆಬ್ರವರಿಯಲ್ಲಿ ಕೇಂಬ್ರಿಡ್ಜ್‌ನಲ್ಲಿ ಮಾತಾಡುತ್ತಾ ಹೌದು, ನಮ್ಮ ದಾರಿ ಅದೇ ಅಂದ. ಅವನ ಮೇಲಿನ ಮಂತ್ರಿ ಕ್ರೂ ಅದೇ ವರ್ಷ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಎದ್ದು ನಿಂತು ಆ ಪ್ಯಾರಾಕ್ಕೆ ಅಂಥ ಅರ್ಥವೇ ಇಲ್ಲ ಅಂದ.